ಆಟದ ಫೋಟೋಗೆ ಒಂದು ಸಣ್ಣ ಕ್ಯಾಮೆರಾ ಹುಡುಕಿದ್ದು

ಕಳೆದ ಜನವರಿಯಲ್ಲಿ ಕುಂದಾಪುರದ ಹತ್ತಿರ ನಮ್ಮ ಅತ್ತೆ ಮನೆ ಗದ್ದೆಯಲ್ಲಿ ಹರಕೆ ಆಟ, ಅಂದರೆ ಯಕ್ಷಗಾನ, ಇತ್ತು. ಮೂರನೇ ಸಾಲಲ್ಲಿ ಕುರ್ಚಿ ಹಿಡಿದು ಕೂತಿದ್ದೆ. ಫೋನಲ್ಲಿ ನೂರಕ್ಕೂ ಜಾಸ್ತಿ ಫೋಟೋ ತೆಗೆದೆ. ಬೆಳಿಗ್ಗೆ ಚಹಾ ಕುಡಿಯುತ್ತಾ ನೋಡಿದರೆ ನಾಲ್ಕು ಜನಕ್ಕೆ ತೋರಿಸುವಂಥದ್ದು ಒಂದೂ ಇಲ್ಲ. ರಂಗಸ್ಥಳದ ಹಿಂದಿನ ಕತ್ತಲೆ ನೋಡಿ ಫೋನಿಗೆ ಗಾಬರಿಯಾಗಿದೆ. ಬೆಳಕು ಸಾಲದು ಅಂದುಕೊಂಡು ಎಲ್ಲವನ್ನೂ ಬೆಳ್ಳಗೆ ಮಾಡಿಟ್ಟಿದೆ. ಮುಖದ ಬಣ್ಣ, ಕಣ್ಣಿನ ಸುತ್ತಲಿನ ಗೆರೆ, ಎದೆಕಟ್ಟಿನ ಹೊಳಪು ಎಲ್ಲ ಹೋಗಿ ಸುಣ್ಣ ಬಳಿದ ಗೋಡೆ ಥರ ಆಗಿದೆ. ಮಂಡಿ ಕುಣಿತದ ಫೋಟೋದಲ್ಲಂತೂ ಬಬ್ರುವಾಹನನಿಗೆ ಮೂರು ಕೈ.

ತಂಗಿ ಮಗ ಇಣುಕಿ ನೋಡಿ ನಕ್ಕ. "ಮಾವ, ಹೊಸ ಫೋನ್ ತಗೊಳ್ಳಿ, ಸರಿ ಹೋಗುತ್ತೆ" ಅಂದ. ಅವನ ಫೋನಿನ ಫೋಟೋ ನೋಡಿದೆ. ಮುಖ ಸ್ವಲ್ಪ ಪರವಾಗಿಲ್ಲ, ಕೈ ಮಾತ್ರ ಅಲ್ಲೂ ಮಂಜು. ಈ ಫೋನುಗಳು ಕತ್ತಲಲ್ಲಿ ನಾಲ್ಕಾರು ಫೋಟೋ ತೆಗೆದು ಸೇರಿಸಿ ಒಂದು ಮಾಡುತ್ತವೆ. ನಿಂತ ದೇವಸ್ಥಾನಕ್ಕೆ ಅದು ಸರಿ. ಕುಣಿಯುವ ಮನುಷ್ಯನಿಗೆ ಸರಿಯಲ್ಲ. ಫೋನಲ್ಲೂ ಪ್ರೋ ಮೋಡ್ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಹೆಚ್ಚಿನವುಗಳಲ್ಲಿ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಬದಲಾಗಲ್ಲ, ಝೂಮ್ ಮಾಡಿದರೆ ಸಣ್ಣ ಸೆನ್ಸರಿಗೆ (ಚಿತ್ರ ಹಿಡಿಯುವ ಚಿಪ್) ಹೋಗುತ್ತೆ, ಗಾಜಿನ ಪರದೆ ಮೇಲೆ ಬೆರಳು ಎಳೆಯುತ್ತಾ ಕೂತರೆ ಹಿಂದಿನ ಸಾಲಿನವರಿಗೆ ನನ್ನ ಪರದೆಯ ಬೆಳಕೇ ಆಟ.

ಹಾಗಾಗಿ 12 ಸಾವಿರದೊಳಗೆ ಒಂದು ಕ್ಯಾಮೆರಾ ಬೇಕು ಅಂತ ತೀರ್ಮಾನ ಮಾಡಿದೆ. ಅಂಗಿ ಜೇಬಲ್ಲದಿದ್ದರೂ ಪ್ಯಾಂಟ್ ಜೇಬಲ್ಲಿ ಹಿಡಿಯಬೇಕು. ಎಷ್ಟು ಬೆಳಕು ಒಳಗೆ ಬಿಡಬೇಕು ಅನ್ನೋದನ್ನು ನಾನು ಹೇಳಬೇಕು, ಅದು ಕೇಳಬೇಕು, ಅಂದರೆ ಮ್ಯಾನುವಲ್. ಈ ದುಡ್ಡಿಗೆ ಹಳೇ ಡಿಎಸ್‌ಎಲ್‌ಆರ್ ಸಿಗುತ್ತೆ ಅಂತ ಕಮೆಂಟ್ ಹಾಕಲು ಕೈ ತುರಿಸುತ್ತಿರುವವರಿಗೆ: ಹೌದು, ಸಿಗುತ್ತೆ, ಚಿತ್ರವೂ ಇನ್ನೂ ಚೆನ್ನಾಗಿ ಬರುತ್ತೆ. ಆದರೆ ಆಟದ ಮಧ್ಯೆ ಅದನ್ನು ಎತ್ತಿ ಹಿಡಿದರೆ ಹಿಂದೆ ಕೂತ ಅಜ್ಜಂದಿರು ಬೈಯುವ ಬೈಗುಳ ನೀವು ಕೇಳಿಲ್ಲ.

ಮೊದಲು ಹೊಸದೇ ನೋಡಿದೆ. ಆನ್‌ಲೈನಲ್ಲಿ ಐದಾರು ಸಾವಿರಕ್ಕೆ 48 ಮೆಗಾಪಿಕ್ಸೆಲ್, ನಾಲ್ಕು ಕೆ ವಿಡಿಯೋ ಅಂತ ಚಂದದ ಪುಟ್ಟ ಕ್ಯಾಮೆರಾಗಳು ಬರುತ್ತವೆ. ಮಕ್ಕಳ ಆಟಿಕೆಗೆ ಅಡ್ಡಿಯಿಲ್ಲ. ಒಳಗಿರೋದು ಫೋನಿಗಿಂತ ಸಣ್ಣ ಸೆನ್ಸರ್, ಆ 48 ಅನ್ನೋದು ಹೆಚ್ಚಿನ ಸಲ ಸಣ್ಣ ಚಿತ್ರವನ್ನು ಎಳೆದು ದೊಡ್ಡದು ಮಾಡಿದ ಲೆಕ್ಕ. ಅಪರ್ಚರ್ ಬದಲಿಸಲಾಗಲ್ಲ, ಷಟರ್ ವೇಗ, ಅಂದರೆ ಬೆಳಕಿಗೆ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು ಅನ್ನೋದು, ನಮ್ಮ ಕೈಲಿಲ್ಲ. ಅದನ್ನು ಬಿಟ್ಟು ಮೇಲೆ ಹೋದರೆ ಬೆಲೆ ನೇರ 40, 50 ಸಾವಿರಕ್ಕೆ ಜಿಗಿಯುತ್ತೆ. ನಡುವೆ ನನಗೆ ಬೇಕಾದಂಥದ್ದು ಏನೂ ಕಾಣಲಿಲ್ಲ. ಕಾರಣ ಗೊತ್ತಿರೋದೇ. 2010ರಲ್ಲಿ ಜಪಾನಿನ ಕಂಪನಿಗಳು ಜಗತ್ತಿಗೆಲ್ಲ ಕಳಿಸಿದ ಸಣ್ಣ ಕ್ಯಾಮೆರಾಗಳು 10 ಕೋಟಿಗೂ ಜಾಸ್ತಿ. 2023ರಲ್ಲಿ ಅದು 20 ಲಕ್ಷವೂ ಇಲ್ಲ. ಮಧ್ಯಮ ಬೆಲೆಯ ಕ್ಯಾಮೆರಾಗಳನ್ನು ಫೋನ್ ನುಂಗಿ ನೀರು ಕುಡಿದಿದೆ.

ಅಂದರೆ ಸೆಕೆಂಡ್ ಹ್ಯಾಂಡೇ ಗತಿ. ಅದರಲ್ಲೂ 2008ರಿಂದ 2013ರ ನಡುವೆ ಬಂದವು. ಆ ಐದಾರು ವರ್ಷ ಕಂಪನಿಗಳು ಒಳ್ಳೆ ಲೆನ್ಸ್, ಕೈಗೆ ಸಿಗುವ ಚಕ್ರ, ರಾ ಫೈಲ್ (ಆಮೇಲೆ ತಿದ್ದಲು ಆಗುವ ಹಸಿ ಚಿತ್ರ) ಎಲ್ಲ ಕೊಟ್ಟು ಪೈಪೋಟಿಗೆ ಬಿದ್ದಿದ್ದವು. ಈಗ ರೀಲ್ಸ್ ಮಾಡುವ ಹುಡುಗರಿಗೆ ಹಳೇ ಕ್ಯಾಮೆರಾ ಹುಚ್ಚು ಹತ್ತಿ ಇವುಗಳ ಬೆಲೆಯೂ ಏರಿದೆ, ಅದು ಬೇರೆ ತಲೆನೋವು.

ಇಲ್ಲಿ ನಾನು ಕಲಿತ ಮುಖ್ಯ ವಿಷಯ ಒಂದಿದೆ. ತಲೆ ಮೇಲಿನ ಚಕ್ರದಲ್ಲಿ ಎಂ ಅಂತ ಅಕ್ಷರ ಇದ್ದ ಮಾತ್ರಕ್ಕೆ ಅದು ಮ್ಯಾನುವಲ್ ಕ್ಯಾಮೆರಾ ಆಗಲ್ಲ. ಒಂದು ಅಂಗಡಿಯಲ್ಲಿ ದೊಡ್ಡ ಝೂಮಿನ ಕ್ಯಾಮೆರಾ ತೋರಿಸಿದರು. ಎಂ ಇದೆ. ಷಟರ್ ಬದಲಿಸಲು ಒಂದು ಗುಂಡಿ ಒತ್ತಿ, ಬಾಣದ ಗುರುತು ಒತ್ತಿ, ಇನ್ನೊಂದು ಸಲ ಒತ್ತಿ, ಮತ್ತೆ ಬಾಣ. ಅಷ್ಟರಲ್ಲಿ ವೇಷ ಚೌಕಿ (ಬಣ್ಣ ಹಚ್ಚುವ ಕೋಣೆ) ಸೇರಿರುತ್ತೆ. ಅಪರ್ಚರ್ ನೋಡಿದರೆ ಎರಡೇ ಎರಡು ಮೆಟ್ಟಿಲು, ಅಗಲ ಒಂದು, ಕಿರಿದು ಒಂದು. ಬಾವಿಗೆ ಹಗ್ಗ ಇದೆ, ಕೊಡ ಇಲ್ಲ ಅನ್ನೋ ಹಾಗೆ. ಕಣ್ಣು ರಂಗಸ್ಥಳದ ಮೇಲಿರುವಾಗ ಬೆರಳು ತಾನಾಗಿ ಹೋಗಿ ತಿರುಗಿಸುವ ಒಂದು ಚಕ್ರ ಇರಬೇಕು. ಎರಡಿದ್ದರೆ ಇನ್ನೂ ಒಳ್ಳೇದು.

ಈ ಲೆಕ್ಕದಲ್ಲಿ ನೋಡಿದರೆ ಕ್ಯಾನನ್ ಎಸ್90 ದೊಡ್ಡ ಹೆಜ್ಜೆ. 2009ರಲ್ಲಿ ಬಂತು. ಲೆನ್ಸಿನ ಸುತ್ತ ಒಂದು ಬಳೆ, ಅದನ್ನು ತಿರುಗಿಸಿ ಏನು ಬೇಕೋ ಬದಲಿಸಬಹುದು. ಹಿಂದಿನ ಚಕ್ರ ತೀರಾ ಸಡಿಲ, ಮುಟ್ಟಿದರೆ ತಿರುಗುತ್ತೆ ಅಂತ ದೂರಿತ್ತು, ಮರುವರ್ಷ ಎಸ್95ರಲ್ಲಿ ಬಿಗಿ ಮಾಡಿದರು. ಅದೇ ಹೊತ್ತಿಗೆ ಕ್ಯಾನನ್ ಇನ್ನೊಂದು ಒಳ್ಳೆ ಕೆಲಸ ಮಾಡಿತ್ತು. ಜಿ10ರಲ್ಲಿ ಸುಮಾರು 15 ಮೆಗಾಪಿಕ್ಸೆಲ್ ತುಂಬಿದ್ದವರು ಜಿ11, ಎಸ್90ಕ್ಕೆ 10ಕ್ಕೆ ಇಳಿಸಿದರು, ಕಡಿಮೆ ಬೆಳಕಲ್ಲಿ ಚಿತ್ರ ಕಾಳುಕಾಳಾಗಬಾರದು ಅಂತ. ಮೆಗಾಪಿಕ್ಸೆಲ್ ಕಡಿಮೆ ಮಾಡಿ ಕ್ಯಾಮೆರಾ ಮಾರುವ ಧೈರ್ಯ ಈಗ ಯಾರಿಗಿದೆ ಹೇಳಿ.

ಪ್ಯಾನಸೋನಿಕ್ ಎಲ್‌ಎಕ್ಸ್3 ಅದಕ್ಕೂ ಒಂದು ವರ್ಷ ಹಳತು. ಅಗಲ 24 ಎಂಎಂ (ಈ ಅಂಕಿ ಕಡಿಮೆಯಾದಷ್ಟು ನೋಟ ಅಗಲ, ಜಾಸ್ತಿಯಾದಷ್ಟು ಹತ್ತಿರ), ಎಫ್ 2 (ಇದು ಅಪರ್ಚರ್, ಅಂಕಿ ಕಡಿಮೆಯಾದಷ್ಟು ಬೆಳಕು ಜಾಸ್ತಿ). ಝೂಮ್ ಮಾತ್ರ 60ಕ್ಕೆ ನಿಲ್ಲುತ್ತೆ. ಇದೇ ಕ್ಯಾಮೆರಾಕ್ಕೆ ಲೈಕಾದ ಕೆಂಪು ಬೊಟ್ಟು ಇಟ್ಟು ಡಿ-ಲಕ್ಸ್ 4 ಅಂತ ಜಾಸ್ತಿ ದುಡ್ಡಿಗೆ ಮಾರಿದ್ದರು, ಬೊಟ್ಟಿಗೆ ದುಡ್ಡು ಕೊಡಬೇಡಿ. 2012ರ ಎಲ್‌ಎಕ್ಸ್7 ನನಗೆ ಬಹಳ ಇಷ್ಟವಾದದ್ದು. ಲೆನ್ಸಿನ ಮೇಲೇ ಅಪರ್ಚರ್ ಬಳೆ, ಹಳೇ ಫಿಲ್ಮ್ ಕ್ಯಾಮೆರಾ ಥರ, ಎಫ್ 1.4ರಿಂದ ಶುರು. ಒಳಗೇ ಒಂದು ಕಪ್ಪು ಫಿಲ್ಟರ್ ಇದೆ. ಅದು ಹಾಕಿಕೊಂಡರೆ ಹಗಲಲ್ಲೂ ಷಟರ್ ನಿಧಾನ ಮಾಡಿ ತೊರೆಯ ನೀರನ್ನು ಹಾಲಿನ ಹಾಗೆ ತೆಗೆಯಬಹುದು. ಸಿಕ್ಕಿದ್ದಿದ್ದರೆ ಅದನ್ನೇ ತರುತ್ತಿದ್ದೆ. ಒಳ್ಳೇದು ನನ್ನ ಬೆಲೆಗೆ ಸಿಗಲಿಲ್ಲ.

ಸೋನಿ ಆರ್‌ಎಕ್ಸ್100 ಬಗ್ಗೆ ಎಲ್ಲರೂ ಹೇಳುತ್ತಾರೆ. ಸರಿಯಾಗೇ ಹೇಳುತ್ತಾರೆ. ಅದರದ್ದು ಒಂದು ಇಂಚಿನ ಸೆನ್ಸರ್. ಒಂದು ಇಂಚು ಅಂದರೆ ಸ್ಕೇಲ್ ಹಿಡಿದು ಅಳೆಯಬೇಡಿ, ಅದು ಹಳೇ ವಿಡಿಯೋ ಕ್ಯಾಮೆರಾ ಟ್ಯೂಬುಗಳ ಕಾಲದ ಅಳತೆ, ನಿಜಕ್ಕೂ ಇರೋದು 13.2 ಮಿಲಿಮೀಟರ್ ಅಗಲ, 8.8 ಎತ್ತರ. ಆದರೂ ಎಸ್95ರ ಸೆನ್ಸರಿನ ಎರಡೂವರೆ ಪಟ್ಟಿಗೂ ಜಾಸ್ತಿ ಜಾಗ. ಬೆಲೆಯೂ ಹಾಗೇ.

ಇನ್ನು ತೀರಾ ಕಡಿಮೆ ದುಡ್ಡಿನವರಿಗೆ, ಕಲಿಯುವ ಮಕ್ಕಳಿಗೆ, ಕ್ಯಾನನ್ ಎ590 ಐಎಸ್ ನೋಡಿ. 2008ರದ್ದು. 8 ಮೆಗಾಪಿಕ್ಸೆಲ್, ಎರಡು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತೆ, ಪೂರ್ತಿ ಮ್ಯಾನುವಲ್ ಇದೆ. ಕಿರಾಣಿ ಅಂಗಡಿಯ ಸಾದಾ ಸೆಲ್ ಹಾಕಿದರೆ ಹತ್ತಿಪ್ಪತ್ತು ಫೋಟೋಗೆ ಸುಸ್ತಾಗುತ್ತೆ, ಚಾರ್ಜ್ ಆಗುವ ಸೆಲ್ ತಗೊಳ್ಳಿ. ಸಿಎಚ್‌ಡಿಕೆ ಅಂತ ಒಂದು ಉಚಿತ ತಂತ್ರಾಂಶ ಇದೆ, ಮೆಮೊರಿ ಕಾರ್ಡಿಗೆ ಹಾಕಿದರೆ ಈ ಬಡಪಾಯಿ ಕ್ಯಾಮೆರಾನೂ ರಾ ಫೈಲ್ ಕೊಡುತ್ತೆ. ಕ್ಯಾನನ್ ಚಕ್ರದ ಮೇಲೆ ಟಿವಿ ಅಂತ ಬರೆದಿರೋದು ನೋಡಿ ನಮ್ಮ ಹುಡುಗ "ಮಾವ, ಇದರಲ್ಲಿ ಟಿವಿನೂ ಬರುತ್ತಾ?" ಅಂತ ಕೇಳಿದ್ದ. ಅದು ಟೈಮ್ ವ್ಯಾಲ್ಯೂ ಕಣೋ, ಷಟರ್ ವೇಗ ನೀನು ಹೇಳೋದು, ಉಳಿದದ್ದು ಅದು ನೋಡಿಕೊಳ್ಳೋದು.

ನನ್ನ ಗಣಿತ ತಿರುಗಿದ್ದು ಝೂಮ್ ಮಾಡಿದಾಗಿನ ಅಪರ್ಚರ್ ನೋಡಿದ ಮೇಲೆ. ಡಬ್ಬಿ ಮೇಲೆ ಎಫ್ 2 ಅಂತ ದೊಡ್ಡದಾಗಿ ಇರುತ್ತೆ, ಅದು ಝೂಮ್ ಮಾಡದಿದ್ದಾಗ ಮಾತ್ರ. ಎಸ್95ರಲ್ಲಿ ಪೂರ್ತಿ ಝೂಮಿಗೆ ಹೋದರೆ ಎಫ್ 4.9. ಅಂದರೆ ಬೆಳಕು ಆರರಲ್ಲಿ ಒಂದು ಪಾಲು. ಮೂರನೇ ಸಾಲಲ್ಲಿ ಕೂತು ಮುಖ ತೆಗೆಯುವವನಿಗೆ ಝೂಮ್ ಬೇಕೇ ಬೇಕು, ಅಲ್ಲಿ ಕತ್ತಲಾದರೆ ಏನು ಮಾಡೋದು? ಆಗ ಕಣ್ಣಿಗೆ ಬಿದ್ದದ್ದು ಒಲಿಂಪಸ್ ಎಕ್ಸ್‌ಝಡ್-1. 2011ರದ್ದು. ಅಗಲದಲ್ಲಿ ಎಫ್ 1.8, 112 ಎಂಎಂಗೆ ಹೋದರೂ ಎಫ್ 2.5. ಅದೇ ಝೂಮಿನಲ್ಲಿ ಎಸ್95ಕ್ಕಿಂತ ಹತ್ತಿರಹತ್ತಿರ ನಾಲ್ಕು ಪಟ್ಟು ಬೆಳಕು. ಲೆನ್ಸಿನ ಸುತ್ತ ಟಕ್ ಟಕ್ ಅನ್ನುವ ಬಳೆ, ಹಿಂದೆ ಒಂದು ಚಕ್ರ. ಜೇಬಿಗೆ ಸ್ವಲ್ಪ ದಪ್ಪ. ಮುಚ್ಚಳ ಬೇರೆ, ದಾರ ಕಟ್ಟಿ ನೇತು ಹಾಕಬೇಕು, ನೋಡಲು ಹಸುವಿನ ಕೊರಳ ಗಂಟೆ ಥರ. ಇರಲಿ.

ಅದಕ್ಕೆ ಮೊದಲು ಒಂದು ಸಲ ಮೋಸ ಹೋಗಿದ್ದೂ ಇದೆ. ಬೇರೆ ಒಂದು ಕ್ಯಾಮೆರಾ, ಹೆಸರು ಬೇಡ, ಮಾರಿದವರ ಹೆಸರೂ ಬೇಡ. ಫೋಟೋದಲ್ಲಿ ಹೊಸದರಂತೆ ಹೊಳೆಯುತ್ತಿತ್ತು. ಮನೆಗೆ ಬಂದು ಮೂರನೇ ದಿನ ಲೆನ್ಸ್ ಅರ್ಧ ಹೊರಬಂದು ನಿಂತುಬಿಟ್ಟಿತು, ಆಮೆ ತಲೆ ಹೊರಹಾಕಿದ ಹಾಗೆ. ಪರದೆ ಮೇಲೆ ಲೆನ್ಸ್ ಎರರ್. ರಿಪೇರಿಯವರು ಕೇಳಿದ ದುಡ್ಡಲ್ಲಿ ಇನ್ನೊಂದು ಕ್ಯಾಮೆರಾ ಬರುತ್ತಿತ್ತು. 4,500 ರೂಪಾಯಿ ನೀರಲ್ಲಿ ಹೋಮ.

ಆಮೇಲೆ ಕಣ್ಣಾರೆ ನೋಡದೆ ತರಲ್ಲ ಅಂತ ನಿರ್ಧರಿಸಿದೆ. ಎಕ್ಸ್‌ಝಡ್-1 ನೋಡಲು ಬೆಂಗಳೂರಿಗೆ ಹೋದಾಗ ಮಾರುವವರ ಮುಂದೆಯೇ ಹತ್ತು ಸಲ ಆನ್ ಆಫ್ ಮಾಡಿದೆ. ಝೂಮ್ ಆ ತುದಿಗೆ, ಈ ತುದಿಗೆ. ಕರಕರ ಸದ್ದು ಬಂದರೆ ಬೇಡ. ಲೆನ್ಸಿಗೆ ಟಾರ್ಚ್ ಬಿಟ್ಟು ಓರೆಯಿಂದ ನೋಡಬೇಕು, ಜೇಡರ ಬಲೆ ಥರ ಬೆಳ್ಳಗೆ ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಕಡೆಯ ಹಳೇ ಕ್ಯಾಮೆರಾ ಆದರೆ ಇದನ್ನು ಎರಡು ಸಲ ನೋಡಿ, ನಮ್ಮ ಮಳೆಗಾಲ ಗಾಜನ್ನೂ ಬಿಡಲ್ಲ. ಆಕಾಶದ ಕಡೆ ಹಿಡಿದು ಎಫ್ 8ರಲ್ಲಿ ಒಂದು ಫೋಟೋ ತೆಗೆದರೆ ಸೆನ್ಸರಿನ ಧೂಳು ಚುಕ್ಕೆಚುಕ್ಕೆಯಾಗಿ ಕಾಣುತ್ತೆ. ಬ್ಯಾಟರಿ ಈಗಲೂ ಸಿಗುತ್ತಾ, ಚಾರ್ಜರ್ ಜೊತೆಗಿದೆಯಾ ಕೇಳಿ. ತೀರಾ ಹಳತಾದರೆ ದೊಡ್ಡ ಮೆಮೊರಿ ಕಾರ್ಡ್ ಓದಲ್ಲ, 2 ಜಿಬಿಗೇ ನಿಂತವೂ ಇವೆ. ನಾನು ಕೊಟ್ಟಿದ್ದು 9,500. ಮಾರಿದವರು ಮೊದಲು ಹೇಳಿದ್ದು 13, ಊಟದ ಹೊತ್ತಾಗಿತ್ತು, ಅವರಿಗೂ ಹಸಿವು.

ಮಾರ್ಚಿನಲ್ಲಿ ಮತ್ತೊಂದು ಆಟ ಸಿಕ್ಕಿತು. ಕಾಲಮಿತಿ, ಮಧ್ಯರಾತ್ರಿಯೊಳಗೆ ಮುಗಿಯುವಂಥದ್ದು. (ಬೆಳಗಿನ ಜಾವದ ರಕ್ಕಸರ ಬಣ್ಣದ ವೇಷ ನೋಡದವರಿಗೆ ಆಟ ನೋಡಿದೆ ಅನ್ನುವ ಹಕ್ಕಿಲ್ಲ ಅನ್ನೋದು ನನ್ನ ಅಭಿಪ್ರಾಯ, ಜಗಳ ಬೇಡ.) ಎಂ ಗೆ ಹಾಕಿದೆ. ಎಫ್ 2.5, ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನೋ ಅಂಕಿ) 800, ಷಟರ್ 1/200 ಸೆಕೆಂಡ್. ಮುಖ ಒಂದಕ್ಕೆ ಸರಿ ಮಾಡಿಕೊಂಡ ಮೇಲೆ ಮತ್ತೆ ಮುಟ್ಟಿದ್ದು ಒಂದೇ ಸಲ. ರಂಗಸ್ಥಳದ ದೀಪ ಬದಲಾಗಲ್ಲ, ಹಿಂದಿನ ಕತ್ತಲೆ ಕತ್ತಲೆಯಾಗೇ ಇರಲಿ, ಅದೇ ಚಂದ. ಮ್ಯಾನುವಲ್ ಅಂದರೆ ಪ್ರತಿ ಫೋಟೋಗೂ ತಿರುಗಿಸುತ್ತಾ ಕೂರೋದು ಅಂತ ಹೆದರುವವರಿದ್ದಾರೆ. ಇಲ್ಲಿ ಆಗಿದ್ದು ಉಲ್ಟಾ, ಒಂದು ಸಲ ಹೇಳಿದ್ದನ್ನು ಅದು ಮತ್ತೆ ಹೇಳುವವರೆಗೆ ಮರೆಯಲಿಲ್ಲ.

ಒಂದು ವಿಚಿತ್ರ ಮಾತ್ರ ಕಂಡಿತು. ಒಂದೇ ಸೆಟ್ಟಿಂಗಿನಲ್ಲಿ ತೆಗೆದ ಎರಡು ಫೋಟೋ, ಒಂದು ಬೆಳ್ಳಗೆ, ಒಂದು ಮಬ್ಬು. ಆಮೇಲೆ ಹೊಳೆಯಿತು, ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. 1/200ಕ್ಕೆ ಒಮ್ಮೆ ಉರಿದಾಗ ಸಿಗುತ್ತೆ, ಒಮ್ಮೆ ಕುಗ್ಗಿದಾಗ. ಫೋನಲ್ಲಾದರೆ ಇದೇ ಪಟ್ಟೆಪಟ್ಟೆಯಾಗಿ ಬರುತ್ತೆ. 1/100ಕ್ಕೆ ಇಳಿಸಿ ಐಎಸ್ಒ 400 ಮಾಡಿದೆ, ಸರಿ ಹೋಯಿತು. ಕುಣಿತಕ್ಕೆ 1/100 ನಿಧಾನ, ಆದರೆ ತಿರುಗುವ ಕಲಾವಿದನ ಮುಖ ನಮ್ಮ ಕಡೆ ಬಂದು ಒಂದು ಕ್ಷಣ ನಿಲ್ಲುತ್ತಲ್ಲ, ಆಗ ಒತ್ತಬೇಕು. ಅದಕ್ಕೆ ಕ್ಯಾಮೆರಾ ಸಾಲದು, ಚೆಂಡೆಯ ಪೆಟ್ಟು ಕಿವಿಯಲ್ಲಿರಬೇಕು.

ರಾ ದಲ್ಲೇ ತೆಗೆದದ್ದರಿಂದ ಮನೆಗೆ ಬಂದು ಡಾರ್ಕ್‌ಟೇಬಲ್‌ನಲ್ಲಿ ಸ್ವಲ್ಪ ತಿದ್ದಿದೆ. ಫೋಟೋ ತಿದ್ದುವ ಆ ತಂತ್ರಾಂಶವೂ ಉಚಿತ. ಕಾಳು ಕಾಣುತ್ತೆ, ದೊಡ್ಡದು ಮಾಡಿ ನೋಡಿದರೆ ಇನ್ನೂ ಜಾಸ್ತಿ. ಹಗಲಲ್ಲಿ ಮದುವೆ ಮನೆಗೆ ಹೋದರೆ ನಾನು ಈಗಲೂ ಫೋನೇ ತೆಗೆಯೋದು, ಅಲ್ಲಿ ಈ ಕ್ಯಾಮೆರಾಕ್ಕಿಂತ ಅದೇ ಚುರುಕು. ಆದರೆ ಚೌಕಿಯಲ್ಲಿ ಒಬ್ಬರು ಸಣ್ಣ ಕನ್ನಡಿ ಹಿಡಿದು ಕಣ್ಣಿಗೆ ಕಪ್ಪು ತೀಡುತ್ತಿದ್ದ ಫೋಟೋ ಇದೆಯಲ್ಲ, ಮುಖದ ಅರ್ಧಕ್ಕೆ ಮಾತ್ರ ಬಲ್ಬಿನ ಬೆಳಕು, ಉಳಿದರ್ಧ ಕತ್ತಲೆ. ಫೋನ್ ಆ ಕತ್ತಲನ್ನು ನನಗೆ ಯಾವತ್ತೂ ಬಿಟ್ಟುಕೊಟ್ಟಿರಲಿಲ್ಲ.

ಮೇ ಕೊನೆಗೆ ಹೆಚ್ಚಿನ ಮೇಳದವರು ಮಳೆಗಾಲಕ್ಕೆ ಆಟ ನಿಲ್ಲಿಸಿ ಗೆಜ್ಜೆ ಬಿಚ್ಚಿದರು. ಕ್ಯಾಮೆರಾ ಈಗ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿದೆ, ಜೊತೆಗೆ ಔಷಧಿ ಬಾಟಲಿ, ಚಪ್ಪಲಿ ಡಬ್ಬಿಗಳಿಂದ ಕೂಡಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳು. ಅಕ್ಕಿಯಲ್ಲಿ ಹುಗಿಯಿರಿ ಅನ್ನುವವರ ಮಾತು ಕೇಳಬೇಡಿ, ಅದರ ಹುಡಿ ಲೆನ್ಸಿನ ಸಂದಿಗೆ ಹೋಗುತ್ತೆ. ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ಝೂಮ್ ಮಾಡಿ, ಎರಡು ಫೋಟೋ ತೆಗೆದು ಒಳಗಿಡುತ್ತೇನೆ.

ಈಗ ನಮ್ಮ ಹುಡುಗನಿಗೂ ಒಂದು ಬೇಕಂತೆ. ಯಾರ ಮನೆ ಕಪಾಟಲ್ಲಾದರೂ ಎಲ್‌ಎಕ್ಸ್7 ಸುಮ್ನೆ ಬಿದ್ದಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಟಾರ್ಚ್ ಬಿಟ್ಟು ನೋಡಿದ ಮೇಲೇ ದುಡ್ಡು.