ಮನೆ ಮುಂದಿನ 'ಅಶೋಕ'ದ ತೊಗಟೆ ಕುದಿಸಿ ಕುಡಿಯಬೇಡಿ

"ಮುಟ್ಟಿನ ಸ್ರಾವ ಜಾಸ್ತಿ ಇದ್ದರೆ ಮನೆ ಮುಂದಿನ ಅಶೋಕ ಮರದ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಕುಡಿಯಿರಿ, 3 ದಿನದಲ್ಲಿ ನಿಲ್ಲುತ್ತದೆ" ಅನ್ನುವ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಆ ಮರ ಅಶೋಕವೇ ಅಲ್ಲ.

ಶಾಲೆ ಕಾಂಪೌಂಡು, ಲೇಔಟಿನ ರಸ್ತೆಗಳಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆದು, ಅಲೆಅಲೆಯಾದ ಅಂಚಿನ ಉದ್ದನೆ ಎಲೆ ಇಳಿಬಿಟ್ಟುಕೊಂಡು ನಿಂತಿರುತ್ತದಲ್ವಾ, ಅದು ಪಾಲಿಯಾಲ್ಥಿಯಾ, ಸೀತಾಫಲದ ಕುಟುಂಬದ್ದು. ಹೂವು ತಿಳಿಹಸಿರು, ಕಣ್ಣಿಗೇ ಬೀಳುವುದಿಲ್ಲ. ಆಯುರ್ವೇದದ ಅಶೋಕ, ಅಂದರೆ ಸರಾಕಾ ಅಶೋಕ, ಬೇರೆಯೇ ಮರ. ಕೊಂಬೆ ತುಂಬ ಕಿತ್ತಳೆ-ಕೆಂಪು ಹೂವಿನ ಗೊಂಚಲು, ಆಮೇಲೆ ಚಪ್ಪಟೆ ಕಾಯಿ. ನಮ್ಮ ಪಶ್ಚಿಮ ಘಟ್ಟದಲ್ಲಿದೆ, ಆದರೆ ತೊಗಟೆಗೋಸ್ಕರ ಕಡಿದೂ ಕಡಿದೂ ಅಪರೂಪವಾಗಿ 1998ರಲ್ಲೇ ಅಳಿವಿನ ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿಗೆ ಸೇರಿದೆ. ಅಂಗಡಿಯ ತೊಗಟೆಯಲ್ಲೂ ಪಾಲಿಯಾಲ್ಥಿಯಾ ಬೆರಕೆ ಆಗುವುದು ಇದಕ್ಕೇ.

ನಿಜವಾದ ಅಶೋಕದ ತೊಗಟೆಯಿಂದ ಮಾಡುವ ಆಯುರ್ವೇದ ಔಷಧಿ ಅಶೋಕಾರಿಷ್ಟ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಅಜ್ಜಿಯರ ಕಾಲದಿಂದ ಬಳಕೆಯಲ್ಲಿದೆ, ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. "3 ದಿನ" ಅನ್ನುವುದಕ್ಕೆ ಮಾತ್ರ ಆಧಾರವಿಲ್ಲ. ನನ್ನ ಭಯ ಬೇರೆ. ಸ್ರಾವ ಜಾಸ್ತಿಯಾಗಲು ಗರ್ಭಕೋಶದ ಗಡ್ಡೆ, ಥೈರಾಯ್ಡ್, ಕೆಲವೊಮ್ಮೆ ಗರ್ಭಪಾತ ಕೂಡ ಕಾರಣ ಇರಬಹುದು, ಸುಮ್ನೆ ಕಷಾಯ ಕುಡಿಯುತ್ತಾ ತಿಂಗಳುಗಟ್ಟಲೆ ಕಾದರೆ ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಲೂ ಏದುಸಿರು ಬರುತ್ತದೆ. ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ ಅಥವಾ 7 ದಿನ ದಾಟಿದರೂ ನಿಲ್ಲದಿದ್ದರೆ, ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಮೆಸೇಜು ಕಳಿಸಿದವರು ಚಿಕ್ಕಮ್ಮನೋ ಅತ್ತೆಯೋ ಆಗಿದ್ದರೆ ಜಗಳ ಬೇಡ, ಎರಡೂ ಮರದ ಫೋಟೋ ಕಳಿಸಿ.