ಮಲಗುವ ಕೋಣೆಗೆ ಬೀಗದ ಕೈ ಯಾಕ್ರೀ ಬೇಕು?

ಬೆಡ್‌ರೂಮ್ ಲಾಕ್ ಆಗಿದೆ, ಕೀ ಕಳೆದುಹೋಗಿದೆ ಅಂದರೆ ಸಾಕು, ಎಲ್ಲರೂ ಹೇಳುವುದು ಒಂದೇ. "ಎಟಿಎಂ ಕಾರ್ಡ್ ಹಾಕಿ ತೆಗೀರಿ." ಸಿನಿಮಾ ನೋಡಿ ಕಲಿತ ವಿದ್ಯೆ ಇದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾರ್ಡು ಮುರಿಯುತ್ತದೆ, ಬಾಗಿಲು ಹಾಗೇ ಇರುತ್ತದೆ. ಆಮೇಲೆ ಬ್ಯಾಂಕಿಗೂ ಒಂದು ಸಲ ಅಲೆಯಬೇಕು.

ಬಾಗಿಲಿನ ಅಂಚಿನಿಂದ ಒಂದು ನಾಲಿಗೆ ಚಾಚಿಕೊಂಡಿರುತ್ತದಲ್ಲ, ಅದರ ಒಂದು ಮುಖ ಇಳಿಜಾರು. ಹಿಂದೆ ಸ್ಪ್ರಿಂಗ್. ಬಾಗಿಲು ಎಳೆದರೆ ಚೌಕಟ್ಟಿನ ತಗಡಿಗೆ ತಾಗಿ ಒಳಗೆ ಜಾರುತ್ತದೆ, ತೂತು ಸಿಕ್ಕಿದ ತಕ್ಷಣ ಟಕ್ ಅಂತ ಹೊರಗೆ ಬರುತ್ತದೆ. ಆ ಇಳಿಜಾರನ್ನು ಕಾರ್ಡಿನಿಂದ ಒತ್ತಿದರೆ ನಾಲಿಗೆ ಹಿಂದೆ ಸರಿಯಬೇಕು. ಲೆಕ್ಕ ಸರಿಯಾಗಿಯೇ ಇದೆ. ಆದರೆ ನಮ್ಮಲ್ಲಿ ಚೌಕಟ್ಟು ಗಟ್ಟಿ ಮರದ್ದು. ಬಾಗಿಲು ಕೂರಲು ಅದೇ ಮರದಲ್ಲಿ ಮೆಟ್ಟಿಲಿನಂತೆ ಕೊರೆದಿರುತ್ತಾರೆ. ಹೊರಗಿನಿಂದ ತೂರಿಸಿದ ಕಾರ್ಡು ಆ ತಿರುವಿನಲ್ಲಿ ಬಾಗಬೇಕು. ಎಟಿಎಂ ಕಾರ್ಡು ಅಷ್ಟೆಲ್ಲ ಬಾಗುವುದಿಲ್ಲ. ಮನೆಯಲ್ಲಿ ಹಳೆಯ ಎಕ್ಸ್‌ರೇ ಫಿಲ್ಮ್ ಇದ್ದರೆ ಅದು ಬಾಗುತ್ತದೆ, ಹರಿಯುವುದೂ ಇಲ್ಲ. ಅದೂ ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಬಾಟಲಿಯನ್ನು ಕತ್ತರಿಸಿ ಒಂದು ಪಟ್ಟಿ ಮಾಡಿಕೊಳ್ಳಿ. ಬಾಗಿಲನ್ನು ಸ್ವಲ್ಪ ಅಲ್ಲಾಡಿಸುತ್ತಾ ಫಿಲ್ಮನ್ನೋ ಪಟ್ಟಿಯನ್ನೋ ಮೇಲಿನಿಂದ ಕೆಳಕ್ಕೆ ಎಳೆಯಬೇಕು.

ಇಷ್ಟಾದರೂ ಗ್ಯಾರಂಟಿ ಇಲ್ಲ. ಸ್ವಲ್ಪ ಒಳ್ಳೆಯ ಲಾಕ್ ಆದರೆ ನಾಲಿಗೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಕಡ್ಡಿ ಇರುತ್ತದೆ. ಬಾಗಿಲು ಮುಚ್ಚಿದಾಗ ಅದು ಒಳಗೆ ಅದುಮಿಕೊಂಡು, ನಾಲಿಗೆ ಹಿಂದೆ ಸರಿಯದಂತೆ ಹಿಡಿದುಬಿಡುತ್ತದೆ. ಕಾರ್ಡ್ ವಿದ್ಯೆಯನ್ನು ತಡೆಯಲೆಂದೇ ಅದನ್ನು ಇಟ್ಟಿರುವುದು. ಇನ್ನು ಕೀ ತಿರುಗಿಸಿದರೆ ಹೊರಬರುವ ಚೌಕದ ಬೋಲ್ಟ್ ಹಾಕಿದ್ದರಂತೂ ಎಕ್ಸ್‌ರೇ ಎತ್ತಿಡಿ. ಅದಕ್ಕೆ ಇಳಿಜಾರೇ ಇಲ್ಲ.

ಯೂಟ್ಯೂಬ್ ಪಂಡಿತರ ಇನ್ನೊಂದು ಸಲಹೆ, ಹಿಂಜ್ ಬಿಚ್ಚಿ ಬಾಗಿಲನ್ನೇ ತೆಗೆಯಿರಿ ಅಂತ. ಕೋಣೆಯ ಬಾಗಿಲು ಸಾಮಾನ್ಯವಾಗಿ ಒಳಕ್ಕೆ ತೆರೆಯುತ್ತದೆ. ಮುಚ್ಚಿದಾಗ ಹಿಂಜ್ ಇರುವುದು ಕೋಣೆಯ ಒಳಗೆ. ನಾವು ನಿಂತಿರುವುದು ಹೊರಗೆ, ಹಾಲ್‌ನಲ್ಲಿ!

ಸುಮ್ನೆ ಗಾಬರಿಯಾಗದೆ ಮೊದಲು ಮನೆಯ ಬೇರೆ ಕೋಣೆಗಳ ಕೀಗಳನ್ನೆಲ್ಲ ಹಾಕಿ ನೋಡಿ. ಕಡಿಮೆ ಬೆಲೆಯ ಲಾಕ್‌ಗಳಲ್ಲಿ ಒಂದರ ಕೀ ಇನ್ನೊಂದಕ್ಕೆ ಬರುವುದು ಅಪರೂಪವೇನಲ್ಲ. ಹೊರಗಿನ ಹಿಡಿಯ ನಡುವೆ ಸೂಜಿಯಷ್ಟು ತೂತೋ, ನಾಣ್ಯ ಹಿಡಿಸುವ ಗೀರೋ ಇದೆಯಾ ನೋಡಿ. ಇದ್ದರೆ ಕೀ ಬೇಕಾಗಿಯೇ ಇಲ್ಲ. ತೂತಾದರೆ ನೆಟ್ಟಗೆ ಮಾಡಿದ ತಂತಿ ಹಾಕಿ ಒತ್ತಿ, ಗೀರಾದರೆ ನಾಣ್ಯ ಇಟ್ಟು ತಿರುಗಿಸಿ. ಬಾಲ್ಕನಿ ಕಡೆಯ ಬಾಗಿಲು ತೆರೆದಿದ್ದರೂ ಸರಿ. ಆದರೆ ಪಕ್ಕದ ಮನೆಯ ಬಾಲ್ಕನಿಯಿಂದ ಹಾರುವ ಸಾಹಸ ಮಾತ್ರ ಬೇಡ.

ಒದೆಯಲೂ ಬೇಡಿ. ಒದ್ದರೆ ಮೊದಲು ಹೋಗುವುದು ಲಾಕ್ ಅಲ್ಲ. ಲಾಕ್ ಕೂರಿಸಲು ಕೊರೆದ ಜಾಗದಲ್ಲಿ ಬಾಗಿಲು ಸೀಳುತ್ತದೆ, ಇಲ್ಲವೇ ಚೌಕಟ್ಟು ಒಡೆಯುತ್ತದೆ. ಲಾಕ್ ಹಾಳಾದರೆ ಲಾಕಿನ ದುಡ್ಡು ಅಷ್ಟೇ. ಬಾಗಿಲು ಹೋದರೆ ಬಡಗಿ, ಪಾಲಿಶ್‌ನವರು, ಪೇಂಟರ್, ಎಲ್ಲರನ್ನೂ ಸಾಕಬೇಕು.

ಮೈಸೂರಿನಲ್ಲಿ ನಮ್ಮ ದೊಡ್ಡಮ್ಮನ ಮಗಳ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಇದೇ ಆಯಿತು. ನೆಂಟರ ಹುಡುಗನೊಬ್ಬ ಬೆಡ್‌ರೂಮಿನ ಗುಂಡು ಹಿಡಿಯ ಬಟನ್ ಒತ್ತಿ ಬಾಗಿಲು ಎಳೆದುಬಿಟ್ಟ. ಅಮ್ಮನವರಿಗೆ ಉಡಿಸಬೇಕಾದ ಸೀರೆ, ಒಡವೆ, ಎಲ್ಲ ಒಳಗೆ. ಬಿಲ್ಡರ್ ಕೊಟ್ಟ ಕೀ ಗೊಂಚಲು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಭಾವ ಪಂಚೆ ಎತ್ತಿ ಕಟ್ಟಿ ಒದೆಯಲು ಸಿದ್ಧರಾದರು. ದೊಡ್ಡಮ್ಮ ಕೊಬ್ಬರಿ ಎಣ್ಣೆ ಹಾಕಿ ಅಂದರು. (ನಮ್ಮವರಿಗೆ ತಲೆನೋವಿಗೂ ಅದೇ, ಲಾಕಿಗೂ ಅದೇ. ಎಣ್ಣೆಗೆ ಧೂಳು ಅಂಟಿ ಲಾಕ್ ಇನ್ನಷ್ಟು ಬಿಗಿಯಾಗುತ್ತದೆ. ಬಿಗಿಯಾದ ಲಾಕಿಗೆ ಪೆನ್ಸಿಲ್ ಸೀಸದ ಪುಡಿ ಒಳ್ಳೆಯದು.)

ಕೊನೆಗೆ ಡೂಪ್ಲಿಕೇಟ್ ಕೀ ಮಾಡುವವರು ಬಂದರು. ಬಂದವರೇ "ಇದು ನಿಮ್ಮದೇ ಮನೆ ತಾನೇ ಅಮ್ಮಾ?" ಅಂತ ಕೇಳಿ, ಪಕ್ಕದ ಮನೆಯವರನ್ನೂ ಒಂದು ಮಾತು ವಿಚಾರಿಸಿದರು. ಅಕ್ಕನಿಗೆ ಸಿಟ್ಟು ಬಂತು. ನನಗೆ ಮಾತ್ರ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಹಾಗೆ ಕೇಳದೆ ಲಾಕ್ ತೆಗೆದುಕೊಡುವವರನ್ನು ಮನೆಗೆ ಸೇರಿಸಬಾರದು.

ಅವರ ಕೆಲಸ ನೋಡುವುದೇ ಒಂದು ಖುಷಿ. ಹಲ್ಲೇ ಇಲ್ಲದ ಬೋಳು ಕೀಯನ್ನು ತೂತಿಗೆ ಹಾಕಿದರು. ಬಿಗಿಯಾಗಿ ತಿರುಗಿಸಿ ಹಿಡಿದು, ಮೇಲೆ ಕೆಳಗೆ ಸಣ್ಣಗೆ ಅಲ್ಲಾಡಿಸಿದರು. ಹೊರಗೆ ತೆಗೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಕಣ್ಣು ಕಿರಿದು ಮಾಡಿದರು. ನನಗೆ ಏನೂ ಕಾಣಲಿಲ್ಲ. "ಇಲ್ಲಿ ನೋಡಿ ಸಾರ್, ಚುಕ್ಕೆ" ಅಂದಾಗ ಕಂಡಿತು, ಹಿತ್ತಾಳೆಯ ಮೇಲೆ ಸಾಸಿವೆಗಿಂತ ಚಿಕ್ಕ ಗುರುತು. ಒಳಗಿನ ಪಿನ್ ಒತ್ತಿದ ಜಾಗ. ಅಲ್ಲಿ ಅರದಿಂದ ಎರಡು ಸಲ ಉಜ್ಜಿ ಮತ್ತೆ ಹಾಕಿದರು. ಪಿನ್ ಸರಿಯಾದ ಎತ್ತರಕ್ಕೆ ಬಂದರೆ ಆ ಜಾಗದಲ್ಲಿ ಗುರುತು ಬೀಳುವುದು ನಿಲ್ಲುತ್ತದೆ. ಹಾಗೆ ಒಂದೊಂದೇ ಪಿನ್ ಮುಗಿಸುತ್ತಾ ಹೋಗಿ, ಒಮ್ಮೆ ಕೀ ತಾನಾಗಿ ತಿರುಗಿತು. 1861ರಲ್ಲಿ ಅಮೆರಿಕದ ಲೈನಸ್ ಯೇಲ್ ಪೇಟೆಂಟ್ ಪಡೆದ ಪಿನ್ ಸಿಲಿಂಡರ್ (ಕೀ ತೂರಿಸುವ, ಪಿನ್‌ಗಳಿರುವ ಉರುಳೆ), ಅದನ್ನು ಸೋಲಿಸಲು ಒಂದು ಅರ, ಒಂದು ಜೊತೆ ಕಣ್ಣು. ಲಾಕೂ ಉಳಿಯಿತು, ಹೊಸ ಕೀಯೂ ಸಿಕ್ಕಿತು.

ಎಲ್ಲ ಸರಿ, ಆದರೆ ಆ ಕೋಣೆಗೆ ಕೀ ಇರುವ ಲಾಕ್ ಹಾಕಿದ್ದಾದರೂ ಯಾಕೆ? ಬಿಲ್ಡರ್‌ಗೆ ಎಲ್ಲ ಬಾಗಿಲಿಗೂ ಒಂದೇ ಮಾಲು ಒಟ್ಟಿಗೆ ತರಿಸುವುದು ಸುಲಭ. ನಾವೂ ಕೇಳುವುದಿಲ್ಲ. ಟೈಲ್ಸ್ ಬಣ್ಣಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಲಾಕ್ ವಿಷಯ ಬಂದಾಗ "ಯಾವುದಾದ್ರೂ ಹಾಕಿ" ಅನ್ನುತ್ತೇವೆ. ಹಳೆಯ ಮನೆಗಳಲ್ಲಿ ಮಲಗುವ ಕೋಣೆಗೆ ಒಳಗಿನಿಂದ ಒಂದು ಚಿಲಕ, ಹೊರಗಿನಿಂದ ಒಂದು ಕೊಂಡಿ ಇರುತ್ತಿತ್ತು. ಬೀಗದ ಕೈ ಬೇಕಾಗಿದ್ದದ್ದು ಉಗ್ರಾಣಕ್ಕೆ, ಪೆಟ್ಟಿಗೆಗೆ.

"ಒಡವೆ ಇರುತ್ತಲ್ಲ, ಕೆಲಸದವರು ಬರುತ್ತಾರಲ್ಲ" ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ಒಡವೆ ಬೀರುವಿನ ಲಾಕರ್‌ನಲ್ಲಿಡಿ, ಬ್ಯಾಂಕಿನಲ್ಲಿಡಿ. ಮುಂಬಾಗಿಲನ್ನೇ ಮುರಿದು ಬಂದ ಕಳ್ಳ ಬೆಡ್‌ರೂಮ್ ಬಾಗಿಲಿಗೆ ಹೆದರಿ ವಾಪಸ್ ಹೋಗುತ್ತಾನಾ? ಅವನಿಗೆ ಪಾಲಿಶ್ ಖರ್ಚಿನ ಚಿಂತೆಯೂ ಇಲ್ಲ.

ನನಗೆ ನಿಜವಾಗಿ ಭಯ ಆಗುವುದು ಒಳಗೆ ಜನ ಇದ್ದಾಗ. ಮಗು ಒಳಗಿನಿಂದ ಲಾಕ್ ಮಾಡಿಕೊಂಡು ತೆಗೆಯಲು ಬಾರದೆ ಅಳುತ್ತದೆ. ವಯಸ್ಸಾದವರು ಒಳಗೆ ಬಿದ್ದಿರುತ್ತಾರೆ. ಆಗ ಕೀ ಮಾಡುವವರು ಬರುವವರೆಗೆ ಕಾಯಲು ಆಗುತ್ತಾ? ಆ ಹೊತ್ತಿನಲ್ಲಿ ಬಾಗಿಲು ಒಡೆಯಿರಿ, ಖರ್ಚು ನೋಡಬೇಡಿ. ಅಂಗವಿಕಲರು ಬಳಸುವ ಶೌಚಾಲಯದ ಬಾಗಿಲು ತುರ್ತಿನಲ್ಲಿ ಹೊರಗಿನಿಂದ ತೆರೆಯುವಂತಿರಬೇಕು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಮನೆಯಲ್ಲಿ ಅಜ್ಜಿಯ ಕೋಣೆಗೆ ಮಾತ್ರ ನಾವು ಮೇಲೊಂದು ಕೆಳಗೊಂದು ಚಿಲಕ ಜಡಿದಿರುತ್ತೇವೆ. ಅದನ್ನು ಹೊರಗಿನಿಂದ ಯಾವ ಕೀಯೂ ತೆಗೆಯಲಾರದು. ಮೊದಲು ಆ ಚಿಲಕ ಬಿಚ್ಚಿಸಿ.

ಹಾಗಂತ ಒಳಗಿನಿಂದ ಲಾಕೇ ಬೇಡ ಅಂತಲ್ಲ. ಬೆಳೆದ ಮಕ್ಕಳಿಗೂ ಬೇಕು, ಅತ್ತೆ ಮನೆಗೆ ಬಂದ ಸೊಸೆಗೂ ಬೇಕು. ಒಳಗೆ ತಿರುಗಿಸುವ ನಾಬ್, ಹೊರಗೆ ನಾಣ್ಯದ ಗೀರು ಇರುವ ಸಿಲಿಂಡರ್ ಸಿಗುತ್ತದೆ. ಉದ್ದ ಹಿಡಿಯ ಮಾರ್ಟೈಸ್ ಲಾಕ್ (ಬಾಗಿಲಿನ ಅಂಚು ಕೊರೆದು ಒಳಗೆ ಕೂರಿಸುವಂಥದ್ದು) ಆಗಿದ್ದು ಒಳಗೆ ಉದ್ದ ಸಿಲಿಂಡರ್ ಇದ್ದರೆ, ಪೂರ್ತಿ ಲಾಕ್ ಬದಲಿಸಬೇಕಿಲ್ಲ. ಬಾಗಿಲು ತೆರೆದು ಅಂಚು ನೋಡಿ. ಸಿಲಿಂಡರಿನ ಮಟ್ಟದಲ್ಲಿ ಒಂದು ಉದ್ದ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ, ಕೀ ಅಥವಾ ನಾಬ್ ಸ್ವಲ್ಪ ತಿರುಗಿಸಿ ಎಳೆದರೆ ಸಿಲಿಂಡರ್ ಕೈಗೆ ಬರುತ್ತದೆ. ಬಾಡಿಗೆ ಮನೆಯಾದರೆ ಓನರ್‌ಗೆ ಒಂದು ಮಾತು ಹೇಳಿ. ಹಳೆಯದನ್ನು ಹಾರ್ಡ್‌ವೇರ್ ಅಂಗಡಿಗೆ ತೆಗೆದುಕೊಂಡು ಹೋಗಿ, 60 ಮಿ.ಮೀ. ಇದೆಯೋ 70 ಇದೆಯೋ ಅಳತೆ ನೋಡಿ, ಅದೇ ಉದ್ದದ "ಕಾಯಿನ್ ಅಂಡ್ ನಾಬ್" ಕೊಡಿ ಅನ್ನಿ. ಅಂಗಡಿಯವರು "ಬಾತ್‌ರೂಮಿಗಾ ಸಾರ್?" ಅಂತ ಕೇಳುತ್ತಾರೆ. ಬೆಡ್‌ರೂಮಿಗೆ ಅಂದರೆ, "ಹೊರಗಿಂದ ಯಾರು ಬೇಕಾದರೂ ತೆಗೆಯಬಹುದು, ನೋಡಿ" ಅಂತ ಎಚ್ಚರಿಕೆಯನ್ನೂ ಕೊಡುತ್ತಾರೆ. ಅದಕ್ಕೇ ಕೇಳ್ತಿರೋದು ಅನ್ನಿ.