ದೆಚಾನಿ ಮಠದ ಭಿತ್ತಿಚಿತ್ರ: ಗ್ರಂಥ ಮೊದಲೋ, ಗೋಡೆ ಮೊದಲೋ?

ವಿಸೋಕಿ ದೆಚಾನಿ ಕೊಸೊವೊದ ಪಶ್ಚಿಮ ಭಾಗದಲ್ಲಿರುವ ಸರ್ಬಿಯನ್ ಆರ್ಥೊಡಾಕ್ಸ್ ಮಠ. ಅದರ ಚರ್ಚಿನ ಕಟ್ಟಡ ಕೆಲಸ ನಡೆದದ್ದು 1327ರಿಂದ 1335ರವರೆಗೆ. ಒಳಗೋಡೆಯ ಚಿತ್ರಗಳು ಮುಗಿದದ್ದು 1350ರ ಹೊತ್ತಿಗೆ. ಇವುಗಳ ಅರ್ಥ ಹೇಳುವವರು ಧರ್ಮಗ್ರಂಥ ಮತ್ತು ಗೋಡೆಬರಹವನ್ನೇ ಮೊದಲ ಆಧಾರವಾಗಿ ಹಿಡಿಯಬೇಕೇ?

ಪರ

ಹಿಡಿಯಲೇಬೇಕು. ಇಲ್ಲಿನ ಶಿಲುಬೆಯ ಚಿತ್ರವನ್ನೇ ನೋಡಿ. ಮೇಲಿನ ಎರಡು ಮೂಲೆಗಳಲ್ಲಿ ಕಿರಣಗಳನ್ನು ಚಾಚಿಕೊಂಡ ಎರಡು ಆಕೃತಿಗಳಿವೆ. ಒಂದೊಂದರೊಳಗೂ ಒಬ್ಬ ಮನುಷ್ಯ ಕುಳಿತಿದ್ದಾನೆ. ಕಣ್ಣನ್ನಷ್ಟೇ ನಂಬಿದವರು ಇವನ್ನು ಅಂತರಿಕ್ಷ ನೌಕೆಗಳೆಂದು ಜಗತ್ತಿಗೆಲ್ಲ ಹಬ್ಬಿಸಿದರು. ಲೂಕನ ಸುವಾರ್ತೆಯ 23ನೇ ಅಧ್ಯಾಯ ಓದಿದ್ದರೆ ಆ ಗೊಂದಲವೇ ಇರುತ್ತಿರಲಿಲ್ಲ: ಯೇಸು ಶಿಲುಬೆಯಲ್ಲಿದ್ದಾಗ ನಡುಹಗಲಲ್ಲಿ ಕತ್ತಲೆ ಕವಿಯಿತು, ಸೂರ್ಯ ಮಂಕಾದ. ಶಿಲುಬೆಯ ಇಕ್ಕೆಲದಲ್ಲಿ ಸೂರ್ಯ ಚಂದ್ರರನ್ನು ಬರೆಯುವ ವಾಡಿಕೆ 586ರ ರಬ್ಬುಲಾ ಸುವಾರ್ತೆಯ ಹಸ್ತಪ್ರತಿಯಲ್ಲೇ ಇದೆ. ದೆಚಾನಿಯ ಕಲಾವಿದರು ಅದನ್ನೇ ಮುಂದುವರಿಸಿದರು.

ಓದುವ ಕ್ರಮ ಸರಳ. ಮೊದಲು ಪ್ರಭಾವಳಿ, ಅದರೊಳಗೆ ಶಿಲುಬೆ ಮೂಡಿದ್ದರೆ ಅವನು ಕ್ರಿಸ್ತ. ಆಮೇಲೆ ತಲೆಯ ಅಕ್ಕಪಕ್ಕದ ಅಕ್ಷರ, ಕೊನೆಗೆ ಕೈಯಲ್ಲಿರುವ ವಸ್ತು. ಕತ್ತಿ ಹಿಡಿದ ಕ್ರಿಸ್ತನ ಅಪರೂಪದ ಚಿತ್ರ ಇಲ್ಲಿದೆ. ಅದು ಯುದ್ಧದ ಕತ್ತಿಯಲ್ಲ, ಪಾಪವನ್ನು ಕಡಿಯುವ ಕತ್ತಿ ಎಂದು ತಿಳಿಯುವುದು ಪಕ್ಕದ ಬರಹದಿಂದಲೇ.

ಮುಖಮಂಟಪದಲ್ಲಿ ವರ್ಷದ ಒಂದೊಂದು ದಿನಕ್ಕೂ ಸಂತರ ಚಿತ್ರಗಳಿವೆ. ಬಾಗಿದ ಕೊರಳು, ಎತ್ತಿದ ಖಡ್ಗ ಮತ್ತೆ ಮತ್ತೆ ಬರುತ್ತವೆ. ತಾರೀಖು, ಹೆಸರು, ಸಂತಚರಿತ್ರೆಯ ಪಟ್ಟಿ ಪಕ್ಕದಲ್ಲಿಲ್ಲದೆ ಇವರನ್ನು ಬೇರೆ ಬೇರೆಯಾಗಿ ಗುರುತಿಸಿ ತೋರಿಸಲಿ ಯಾರಾದರೂ!

ವಿರೋಧ

ಗ್ರಂಥ ಹೆಸರು ಹೇಳುತ್ತದೆ. ಆ ಹೆಸರು ಈ ಗೋಡೆಗೆ ಏಕೆ ಬಂತು ಎಂಬುದನ್ನು ಹೇಳುವುದಿಲ್ಲ.

ಮೊದಲು ಗಾರೆ ನೋಡಬೇಕು. ಹಸಿ ಸುಣ್ಣದ ಗಾರೆಗೆ ಹಚ್ಚಿದ ಬಣ್ಣ, ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾದಂತೆ ಅದರಲ್ಲೇ ಸೇರಿಹೋಗುತ್ತದೆ. ಒಣಗಿದ ಮೇಲೆ ಅಂಟು ಬೆರೆಸಿ ಬರೆದ ಭಾಗ ತೇವ ತಗುಲಿದರೆ ಹಕ್ಕಳೆಯಾಗಿ ಉದುರುತ್ತದೆ. ಇಂಥ ಚಿತ್ರಗಳಲ್ಲಿ ಅಕ್ಷರ, ಒಡವೆ, ಬಟ್ಟೆಯ ಅಂಚು ಬರೆಯುತ್ತಿದ್ದದ್ದು ಕೊನೆಗೆ, ಹಾಗಾಗಿ ಮೊದಲು ಹೋಗುವುದೂ ಅವೇ. ಬರಿದಾದ ಕೈ ಕಂಡು ‘ಖಾಲಿ ಕೈ’ ಎಂದು ಅರ್ಥ ಕಟ್ಟುವುದು ದೊಡ್ಡ ತಪ್ಪು. ದೀಪವನ್ನು ಗೋಡೆಗೆ ತಾಗಿದಂತೆ ಓರೆಯಾಗಿ ಹಿಡಿದರೆ ಗಾರೆಯ ಬೆಸುಗೆ ಎದ್ದು ಕಾಣುತ್ತದೆ. ಯಾವ ಪದರ ಯಾವುದರ ಮೇಲೆ ಹತ್ತಿದೆ, ಯಾವುದು ಮೊದಲು, ಎಲ್ಲಿ ತಿದ್ದುಪಡಿ ಆಗಿದೆ ಎಂಬುದು ಅಲ್ಲಿಂದ ತಿಳಿಯಬೇಕು.

ಆಮೇಲೆ ಜಾಗ. ಮುಖಮಂಟಪದ ಪೂರ್ವ ಗೋಡೆಯಲ್ಲಿ ಆಗ ಸರ್ಬಿಯವನ್ನು ಆಳುತ್ತಿದ್ದ ನೆಮಾಂಜಿಚ್ ರಾಜವಂಶದ ಬಳ್ಳಿಯಿದೆ: ಬುಡದಲ್ಲಿ ವಂಶದ ಮೂಲಪುರುಷ ಸ್ಟೆಫಾನ್ ನೆಮಾಂಜ, ತುದಿಯಲ್ಲಿ ಡುಶಾನ್, ಅವನ ಮೇಲೆ ಹರಸುವ ಕ್ರಿಸ್ತ. ಮಾದರಿ ಕ್ರಿಸ್ತನ ವಂಶ ತೋರಿಸುವ ಇಷಯನ ಬಳ್ಳಿ. ಅದಕ್ಕೆ ಯೆಶಾಯನ ಗ್ರಂಥದ ಆಧಾರ ಸಿಗುತ್ತದೆ. ರಾಜರು ಅದರೊಳಗೆ ಹತ್ತಿದ್ದಕ್ಕೆ ಆಧಾರ ಹುಡುಕಬೇಕಾದದ್ದು 1331ರಲ್ಲಿ. ಮಠ ಕಟ್ಟಿಸಲು ತೊಡಗಿದ್ದ ಸ್ಟೆಫಾನ್ ದೆಚಾನ್‌ಸ್ಕಿಯನ್ನು ಆ ವರ್ಷ ಮಗ ಡುಶಾನನೇ ಪಟ್ಟದಿಂದ ಇಳಿಸಿದ. ತಂದೆ ಸೆರೆಯಲ್ಲೇ ಸತ್ತ. ಚಿತ್ರಗಳನ್ನು ಮುಗಿಸಿದ್ದು ಮಗನ ಆಳ್ವಿಕೆಯಲ್ಲಿ. ತನ್ನ ಪಟ್ಟ ದೇವರ ಕೈಯಿಂದಲೇ ಬಂತು ಎಂದು ಸಾರುವ ಅಗತ್ಯ ಅವನಿಗಿತ್ತು. ಬಳ್ಳಿ ಇರುವ ಆ ಪೂರ್ವ ಗೋಡೆಯಲ್ಲೇ ಒಳಗಿನ ಚರ್ಚಿಗೆ ಹೋಗುವ ಬಾಗಿಲೂ ಇದೆ; ಪೂಜೆಗೆ ಬಂದವರು ಯಾರೂ ಅದನ್ನು ನೋಡದೆ ಒಳಗೆ ಹೋಗುವಂತಿರಲಿಲ್ಲ.